ವೈ ಹಾಕಬೇಕಾ, ಎಂ ಹಾಕಬೇಕಾ?

ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕಾನ್ಫಿಗ್ ಮಾಡುವಾಗ, ಅಂದರೆ ಅದರಲ್ಲಿ ಏನೇನಿರಬೇಕು ಅಂತ ಆರಿಸುವಾಗ, ಹಾರ್ಡ್‌ವೇರ್ ನಡೆಸುವ ಒಂದೊಂದು ಡ್ರೈವರ್‌ಗೂ ಈ ಪ್ರಶ್ನೆ ಬರುತ್ತದೆ. ವೈ ಹಾಕಿದರೆ ಡ್ರೈವರ್ ಕರ್ನಲ್ ಒಳಗೇ ಸೇರಿಹೋಗುತ್ತದೆ. ಎಂ ಹಾಕಿದರೆ ಮಾಡ್ಯೂಲ್ ಅನ್ನುವ ಬೇರೆ ಫೈಲ್ ಆಗಿ ಡಿಸ್ಕಿನಲ್ಲಿರುತ್ತದೆ, ಬೇಕಾದಾಗ ಲೋಡ್ ಆಗುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ಬರೀ ಸೈಜಿನ ಲೆಕ್ಕ ಅಂದುಕೊಂಡಿದ್ದೆ.

ನಮ್ಮದು ಆರ್ಮ್ ಬೋರ್ಡ್. ಕರ್ನಲ್, ರೂಟ್ ಫೈಲ್‌ಸಿಸ್ಟಮ್ (ಸಿಸ್ಟಮ್‌ನ ಫೈಲ್‌ಗಳೆಲ್ಲ ಇರುವ ಜಾಗ) ಎರಡೂ ಬೋರ್ಡಿನ ಸ್ಟೋರೇಜ್ ಚಿಪ್ಪಾದ ಇಎಂಎಂಸಿಯಲ್ಲೇ ಇದ್ದವು. ಬೇಗ ಬೂಟ್ ಆಗಲಿ ಅಂತ ಇನಿಟ್‌ರಾಮ್‌ಎಫ್‌ಎಸ್ (ಕರ್ನಲ್ ಜೊತೆಗೇ ಮೆಮೊರಿಗೆ ಬರುವ ಚಿಕ್ಕ ಫೈಲ್‌ಸಿಸ್ಟಮ್) ಇಟ್ಟಿರಲಿಲ್ಲ. ಕರ್ನಲ್ ಇಮೇಜ್ ಚಿಕ್ಕದು ಮಾಡಲು ಹೇಳಿದರು. ಸಿಕ್ಕ ಸಿಕ್ಕ ಡ್ರೈವರ್‌ಗೆಲ್ಲ ಎಂ ಹಾಕಿದೆ. ಇಮೇಜ್ ಚಿಕ್ಕದಾಯಿತು, ಬೋರ್ಡ್ ಮಾತ್ರ ಏಳಲಿಲ್ಲ. ಸೀರಿಯಲ್ ಕನ್ಸೋಲ್‌ನಲ್ಲಿ ಕೊನೆಗೆ ಕಂಡದ್ದು ‘ವೇಟಿಂಗ್ ಫಾರ್ ರೂಟ್ ಡಿವೈಸ್’. ಬೂಟ್ ಸಾಲಿನಲ್ಲಿ ರೂಟ್‌ವೇಟ್ (ರೂಟ್ ಸಿಗುವವರೆಗೂ ಕಾಯಿ ಅನ್ನುವ ಸೂಚನೆ) ಇದ್ದದ್ದರಿಂದ ಕರ್ನಲ್ ಪ್ಯಾನಿಕ್ ಆಗಿ ನಿಲ್ಲದೆ ಕಾಯುತ್ತಲೇ ಇತ್ತು.

ಚಿಪ್ಪೇ ಕೆಟ್ಟಿರಬೇಕು ಅಂತ ಎರಡು ದಿನ ಹುಡುಕಿದೆ. ಆದರೆ ಕರ್ನಲನ್ನು ಶುರು ಮಾಡುವ ಪ್ರೋಗ್ರಾಂ ಯು-ಬೂಟ್ ಅದೇ ಇಎಂಎಂಸಿಯಿಂದ ಕರ್ನಲ್ ಓದುತ್ತಿತ್ತಲ್ಲ! ಕೊನೆಗೆ ನಮ್ಮ ಸೀನಿಯರ್ ಹತ್ತಿರ ಹೋದೆ.

“ಇಎಂಎಂಸಿ ಡ್ರೈವರ್ ಫೈಲ್ ಎಲ್ಲಿದೆ ಹೇಳಪ್ಪ?”

“/ಲಿಬ್/ಮಾಡ್ಯೂಲ್ಸ್ ಒಳಗೆ, ಸರ್.”

“ಆ ಫೋಲ್ಡರ್ ಯಾವುದರಲ್ಲಿದೆ?”

ಇಎಂಎಂಸಿಯಲ್ಲೇ! ಅದನ್ನು ಓದಲು ಬೇಕಾದ ಡ್ರೈವರ್ ಅದರೊಳಗೇ ಕೂತಿತ್ತು. ಯು-ಬೂಟ್‌ಗೆ ಅದರದ್ದೇ ಡ್ರೈವರ್ ಇರುತ್ತದೆ. ಕರ್ನಲ್ ಶುರುವಾದ ಮೇಲೆ ಅದು ಉಪಯೋಗಕ್ಕೆ ಬರುವುದಿಲ್ಲ. ಲ್ಯಾಪ್‌ಟಾಪ್‌ಗಳಲ್ಲಿ ಇಂಥ ಮಾಡ್ಯೂಲ್‌ಗಳನ್ನು ಇನಿಟ್‌ರಾಮ್‌ಎಫ್‌ಎಸ್ ಹೊತ್ತು ತರುತ್ತದೆ. ನಮ್ಮಲ್ಲಿ ಅದೇ ಇರಲಿಲ್ಲ. ಹಾಗಾಗಿ ಎಂಎಂಸಿ ಬ್ಲಾಕ್ ಡ್ರೈವರ್, ಹೋಸ್ಟ್ ಕಂಟ್ರೋಲರ್, ಎಕ್ಸ್ಟ್4 ಫೈಲ್‌ಸಿಸ್ಟಮ್ ಎಲ್ಲಕ್ಕೂ ವೈ ಹಾಕಬೇಕಾಯಿತು. ಇಷ್ಟಕ್ಕೇ ಮುಗಿಯಲಿಲ್ಲ. ಕಂಟ್ರೋಲರ್‌ಗೆ ಪವರ್ ಕೊಡುವ ರೆಗ್ಯುಲೇಟರ್ ಡ್ರೈವರ್ ಇನ್ನೂ ಎಂ ಆಗಿತ್ತು. ಅದು ಬರಲಿ ಅಂತ ಕಂಟ್ರೋಲರ್ ಡ್ರೈವರ್ ತನ್ನ ಪ್ರೋಬ್ (ಡಿವೈಸನ್ನು ಶುರು ಮಾಡುವ ಹಂತ) ಮುಂದೂಡುತ್ತಲೇ ಇತ್ತು. ರೂಟ್ ಡಿಸ್ಕಿನ ದಾರಿಯಲ್ಲಿ ಬರುವ ಒಂದೊಂದನ್ನೂ ನೋಡಬೇಕು ಅಂತ ಆಗ ಗೊತ್ತಾಯಿತು.

ಹೆದರಿ ಉಳಿದದ್ದಕ್ಕೂ ವೈ ಹಾಕಿದೆ. ಬೋರ್ಡ್ ಎದ್ದಿತು, ವೈಫೈ ಹೋಯಿತು! ಲಾಗ್‌ನಲ್ಲಿ ಫರ್ಮ್‌ವೇರ್ (ವೈಫೈ ಚಿಪ್ಪಿನೊಳಗೆ ಓಡುವ ಪ್ರೋಗ್ರಾಂ) ಲೋಡ್ ಆಗಲಿಲ್ಲ, ಎರರ್ -2 ಅಂತ ಇತ್ತು. -2 ಅಂದರೆ ಫೈಲ್ ಇಲ್ಲ ಅಂತ. ಫೈಲ್ ಇತ್ತು, /ಲಿಬ್/ಫರ್ಮ್‌ವೇರ್‌ನಲ್ಲಿ. ಆದರೆ ವೈಫೈ ಡ್ರೈವರ್ ಅದನ್ನು ಕೇಳುವ ಹೊತ್ತಿಗೆ ರೂಟ್ ಇನ್ನೂ ಮೌಂಟ್ ಆಗಿರಲಿಲ್ಲ, ಅಂದರೆ ಬಳಕೆಗೆ ಸಿಕ್ಕಿರಲಿಲ್ಲ. ಫರ್ಮ್‌ವೇರನ್ನೂ ಕರ್ನಲ್ ಒಳಗೇ ಸೇರಿಸಬಹುದು, ಆದರೆ ಇಮೇಜ್ ಮತ್ತೆ ಜಾಸ್ತಿಯಾಗುತ್ತದೆ. ನನಗೆ ಅದು ಸರಿ ಕಾಣಲಿಲ್ಲ. ವೈಫೈ ಡ್ರೈವರನ್ನು ಮತ್ತೆ ಎಂ ಮಾಡಿದೆ. ರೂಟ್ ಬಂದ ಮೇಲೆ ಯುಡೆವ್ (ಡಿವೈಸ್‌ಗೆ ತಕ್ಕ ಮಾಡ್ಯೂಲ್ ಲೋಡ್ ಮಾಡಿಸುವ ಪ್ರೋಗ್ರಾಂ) ಅದನ್ನು ಲೋಡ್ ಮಾಡಿತು, ವೈಫೈ ಬಂತು. ಡ್ರೈವರ್ ತಿದ್ದುವಾಗಲೂ ಇದರಿಂದ ಅನುಕೂಲ. ಹಳೆಯದನ್ನು ತೆಗೆದು ಹೊಸದನ್ನು ಹಾಕಿದರೆ ಆಯಿತು, ರೀಬೂಟ್ ಬೇಡ.

ಅಂದಿನಿಂದ ಸೈಜ್ ಆಮೇಲೆ ನೋಡುತ್ತೇನೆ. ಈ ಡ್ರೈವರ್ ಯಾವ ಹೊತ್ತಿಗೆ ಬೇಕು, ಅದಕ್ಕೆ ಬೇಕಾದ ಫೈಲ್ ಆಗ ಕೈಗೆ ಸಿಗುತ್ತಾ ಅಂತ ಮೊದಲು ಕೇಳಿಕೊಳ್ಳುತ್ತೇನೆ.

ಹೊಸಬರು ಆಗಾಗ ಕೇಳುವುದು ಇನ್ನೊಂದಿದೆ: “ಎಲ್‌ಎಸ್‌ಮಾಡ್‌ನಲ್ಲಿ ಡ್ರೈವರ್ ಕಾಣ್ತಿಲ್ಲ, ಆದ್ರೂ ಡಿವೈಸ್ ಕೆಲಸ ಮಾಡ್ತಿದೆ, ಹೇಗೆ?” ಆ ಕಮಾಂಡ್ ತೋರಿಸುವುದು ಲೋಡ್ ಆದ ಮಾಡ್ಯೂಲ್‌ಗಳನ್ನು ಮಾತ್ರ. ವೈ ಹಾಕಿದ್ದರ ಪಟ್ಟಿ ಮಾಡ್ಯೂಲ್ಸ್ ಫೋಲ್ಡರ್‌ನಲ್ಲೇ ಮಾಡ್ಯೂಲ್ಸ್.ಬಿಲ್ಟಿನ್ ಅನ್ನುವ ಫೈಲ್‌ನಲ್ಲಿರುತ್ತದೆ.