ಅಡಿಕೆ ತೋಟದ ತಾಮ್ರ ಮತ್ತು ಪ್ರಯೋಗಾಲಯದ ಎರೆಹುಳು

ಮೈಲುತುತ್ತ ಒಮ್ಮೆ ತೋಟದ ಮಣ್ಣಿಗೆ ಇಳಿದ ಮೇಲೆ ಅದರಲ್ಲಿರುವ ತಾಮ್ರ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಯಾವ ಸೂಕ್ಷ್ಮಜೀವಿಯೂ ಅದನ್ನು ಒಡೆದು ಇಲ್ಲವಾಗಿಸುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಲ್ಲಿ ಮಳೆಗಾಲದ ಮುಂಚೆ ಒಮ್ಮೆ, ಮಳೆಯ ನಡುವೆ ಬಿಡುವು ಸಿಕ್ಕಾಗ ಇನ್ನೊಮ್ಮೆ ಕೊಳೆಯ ಮದ್ದು ಹೊಡೆಯುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ. ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರಾ ಎಂಬ ರೋಗಾಣುವನ್ನು ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದಿಂದ ತಡೆಯಬಹುದೆಂದು ತೋರಿಸಿಕೊಟ್ಟವರು ಪಕ್ಕದ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್. ಆ ದ್ರಾವಣ ಇಲ್ಲದಿದ್ದರೆ ಮಲೆನಾಡಿನಲ್ಲಿ ಅಡಿಕೆ ಉಳಿಯುತ್ತಿರಲಿಲ್ಲ ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಾಗೆಂದು ಮರದ ಬುಡದಲ್ಲಿ ಕೂಡಿಬಿದ್ದ ತಾಮ್ರ ಏನು ಮಾಡುತ್ತಿದೆ ಎಂದು ಕೇಳದೆ ಇರುವುದು ಸರಿಯಲ್ಲ.

ನಾನು ಕೆಲವು ವರ್ಷ ಕೀಟನಾಶಕಗಳ ಸುರಕ್ಷತಾ ಪರೀಕ್ಷೆ ನಡೆಸುವ ಪ್ರಯೋಗಾಲಯವೊಂದರಲ್ಲಿ ಎರೆಹುಳುಗಳ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ; ನಮ್ಮ ಮನೆ, ತೋಟ ಇರುವುದು ಶಿರಸಿಯ ಹತ್ತಿರ. ಹೀಗಾಗಿ ಊರಿನ ಹಿರಿಯರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: "ತಮಾ, ಮದ್ದು ಹೊಡದ್ರೆ ಎರೆಹುಳ ಸಾಯ್ತಾ?" ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಉತ್ತರಿಸಲು ನನಗೆ ಆಗುವುದಿಲ್ಲ. ಏಕೆ ಆಗುವುದಿಲ್ಲ ಎಂಬುದನ್ನು ವಿವರಿಸಬೇಕಾದರೆ ಪ್ರಯೋಗಾಲಯದಲ್ಲಿ ನಾವು ಏನನ್ನು ಅಳೆಯುತ್ತೇವೆ, ಏನನ್ನು ಅಳೆಯುವುದಿಲ್ಲ ಎಂಬುದನ್ನು ಮೊದಲು ಹೇಳಬೇಕು.

ನಮ್ಮ ದೇಶದಲ್ಲಿ 1968ರ ಕೀಟನಾಶಕ ಕಾಯ್ದೆಯಡಿ ಹೊಸ ಔಷಧವೊಂದನ್ನು ನೋಂದಾಯಿಸುವಾಗ ಹಕ್ಕಿ, ಮೀನು, ಜೇನುನೊಣಗಳ ಜೊತೆಗೆ ಎರೆಹುಳುವಿನ ಮೇಲಿನ ಪರಿಣಾಮದ ಮಾಹಿತಿಯನ್ನೂ ಕೊಡಬೇಕಾಗುತ್ತದೆ. ಇದಕ್ಕಾಗಿ ಬಹುಕಾಲದಿಂದ ಬಳಕೆಯಲ್ಲಿರುವುದು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ, ಅಂದರೆ ಒಇಸಿಡಿ, 1984ರಲ್ಲಿ ಹೊರಡಿಸಿದ 207ನೇ ಮಾರ್ಗಸೂಚಿ. ಅದರಲ್ಲಿ ಎರಡು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ಔಷಧವನ್ನು ಸೋಸುಕಾಗದಕ್ಕೆ ಲೇಪಿಸಿ, ಕಾಗದವನ್ನು ಸಣ್ಣ ಗಾಜಿನ ಸೀಸೆಯ ಒಳಬದಿಗೆ ಹೊಂದಿಸಿ, ಒಂದೊಂದು ಸೀಸೆಗೆ ಒಂದೊಂದೇ ಹುಳುವನ್ನು ಬಿಟ್ಟು 48 ಗಂಟೆ ಕತ್ತಲಲ್ಲಿಡುತ್ತಾರೆ. ಇದು ಔಷಧದ ಉಗ್ರತೆಯನ್ನು ಬೇಗ ಅಂದಾಜು ಮಾಡುವ ಉಪಾಯವೇ ಹೊರತು ಮಣ್ಣಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಎರಡನೆಯದು 14 ದಿನಗಳ ಪರೀಕ್ಷೆ. ಅದು ನಡೆಯುವುದು ಕೃತಕ ಮಣ್ಣಿನಲ್ಲಿ.

ಈ ಕೃತಕ ಮಣ್ಣಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಇಡೀ ವಿಷಯದ ಬಲವೂ ದೌರ್ಬಲ್ಯವೂ ಅದರಲ್ಲಿಯೇ ಇದೆ. ಒಣ ತೂಕದಲ್ಲಿ ಶೇ. 70ರಷ್ಟು ನಯವಾದ ಸ್ಫಟಿಕ ಮರಳು, ಶೇ. 20ರಷ್ಟು ಕಯೋಲಿನ್ ಜೇಡಿ, ಶೇ. 10ರಷ್ಟು ಪೀಟ್, ಅಂದರೆ ಅರೆಕೊಳೆತ ಸ್ಫ್ಯಾಗ್ನಮ್ ಪಾಚಿ, ಬೆರೆಸಿ, ಹುಳಿಯ ಅಳತೆಯಾದ ಪಿಎಚ್ 6ರ ಆಸುಪಾಸಿಗೆ ಬರುವಂತೆ ಕ್ಯಾಲ್ಸಿಯಂ ಕಾರ್ಬೋನೇಟ್ ಸೇರಿಸಿ, ಒಣ ತೂಕದ ಸುಮಾರು ಶೇ. 35ರಷ್ಟು ತೇವ ಇರುವಂತೆ ನೀರು ಕಲಸುತ್ತಾರೆ. ಔಷಧವನ್ನು ಐದು ಪ್ರಮಾಣಗಳಲ್ಲಿ, ಪ್ರತಿಯೊಂದೂ ಹಿಂದಿನದಕ್ಕಿಂತ ಒಂದೇ ಅನುಪಾತದಲ್ಲಿ ಹೆಚ್ಚುವಂತೆ, ಬೇರೆ ಬೇರೆಯಾಗಿ ಬೆರೆಸಬೇಕು. ಒಂದು ಲೀಟರಿನ ಗಾಜಿನ ಪಾತ್ರೆಗೆ 750 ಗ್ರಾಂ ಹಸಿ ಮಣ್ಣು, ಅದರ ಮೇಲೆ ಹತ್ತು ಹುಳು; ಪ್ರತಿ ಪ್ರಮಾಣಕ್ಕೂ ನಾಲ್ಕು ಪಾತ್ರೆ, ಔಷಧವಿಲ್ಲದ ಮಣ್ಣಿಗೂ ನಾಲ್ಕು. ಹುಳುಗಳು ಕನಿಷ್ಠ ಎರಡು ತಿಂಗಳು ಬೆಳೆದಿರಬೇಕು, ಪ್ರಾಯಕ್ಕೆ ಬಂದ ಗುರುತಾದ ಕ್ಲೈಟೆಲಮ್ ಪಟ್ಟಿ ಮೈಮೇಲೆ ಸ್ಪಷ್ಟವಾಗಿ ಮೂಡಿರಬೇಕು, ತೂಕ 300ರಿಂದ 600 ಮಿಲಿಗ್ರಾಂ ಇರಬೇಕು. ಕೋಣೆಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್, ಎರಡು ಡಿಗ್ರಿ ಆಚೀಚೆ. ದೀಪ ಹಗಲಿರುಳೂ ಉರಿಯುತ್ತಿರಬೇಕು, ಏಕೆಂದರೆ ಬೆಳಕಿದ್ದರೆ ಹುಳು ಮೇಲೆ ಬಂದು ತಪ್ಪಿಸಿಕೊಳ್ಳದೆ ಮಣ್ಣಿನೊಳಗೇ ಇರುತ್ತದೆ.

ಏಳನೆಯ ದಿನ ಪಾತ್ರೆಯ ಮಣ್ಣನ್ನು ತಟ್ಟೆಗೆ ಸುರಿದು, ಒಂದೊಂದೇ ಹುಳುವನ್ನು ಹುಡುಕಿ ತೆಗೆದು, ತಲೆಯ ಕಡೆಗೆ ಮೆಲ್ಲಗೆ ಮುಟ್ಟಿ ನೋಡುತ್ತೇವೆ. ಮಿಸುಕಿದರೆ ಬದುಕಿದೆ ಎಂದು ಲೆಕ್ಕ. ಹುಳುವೇ ಸಿಗದಿದ್ದರೆ ಸತ್ತಿದೆ ಎಂದು ಲೆಕ್ಕ, ಏಕೆಂದರೆ ಸತ್ತ ಎರೆಹುಳು ಮಣ್ಣಿನಲ್ಲಿ ಬಹಳ ಬೇಗ ಕರಗಿಹೋಗುತ್ತದೆ. ಹದಿನಾಲ್ಕನೆಯ ದಿನ ಮತ್ತೆ ಅದೇ ಕೆಲಸ. ಔಷಧವಿಲ್ಲದ ಪಾತ್ರೆಗಳಲ್ಲಿಯೇ ಶೇ. 10ಕ್ಕಿಂತ ಹೆಚ್ಚು ಹುಳು ಸತ್ತಿದ್ದರೆ ಇಡೀ ಪರೀಕ್ಷೆ ಅಸಿಂಧು. ಕೊನೆಗೆ ಅರ್ಧದಷ್ಟು ಹುಳುಗಳನ್ನು ಕೊಲ್ಲುವ ಪ್ರಮಾಣವನ್ನು, ಅಂದರೆ ಎಲ್‌ಸಿ50 ಅನ್ನು, ಒಂದು ಕಿಲೋ ಒಣ ಮಣ್ಣಿಗೆ ಇಷ್ಟು ಮಿಲಿಗ್ರಾಂ ಎಂದು ಬರೆಯುತ್ತೇವೆ.

ಪಾತ್ರೆಗೆ ಬಿಡುವ ಹುಳು ಐಸೀನಿಯಾ ಫೆಟಿಡಾ ಅಥವಾ ಅದರ ಹತ್ತಿರದ ಸಂಬಂಧಿ ಐಸೀನಿಯಾ ಆಂಡ್ರೈ. ನಮ್ಮವರು ಎರೆಗೊಬ್ಬರದ ತೊಟ್ಟಿಗೆ ತಂದು ಬಿಡುವ ಕೆಂಪು ಹುಳು ಇದೇ. ಇದು ಗೊಬ್ಬರದ ಗುಂಡಿಯ ಜೀವಿ. ಬೇಗ ಬೆಳೆಯುತ್ತದೆ, ಸುಲಭವಾಗಿ ಸಾಕಬಹುದು, ಜಗತ್ತಿನ ಎಲ್ಲ ಕಡೆ ಸಿಗುತ್ತದೆ. ಪರೀಕ್ಷೆಗೆ ಇದನ್ನು ಆರಿಸಿರುವುದೂ ಆ ಕಾರಣಕ್ಕೇ. ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳಲ್ಲಿ ಒಂದೇ ಔಷಧಕ್ಕೆ ಹತ್ತಿರಹತ್ತಿರದ ಉತ್ತರ ಬರಬೇಕಾದರೆ ಮಣ್ಣು, ಹುಳು, ಉಷ್ಣತೆ ಮೂರೂ ಒಂದೇ ಆಗಿರಬೇಕು. ಭಾರತ 2011ರಲ್ಲಿ ಒಇಸಿಡಿಯ ಉತ್ತಮ ಪ್ರಯೋಗಾಲಯ ಪದ್ಧತಿಯ ಪರಸ್ಪರ ಒಪ್ಪಿಗೆಯ ವ್ಯವಸ್ಥೆಗೆ ಪೂರ್ಣವಾಗಿ ಸೇರಿದ ಮೇಲೆ ಇಲ್ಲಿ ನಡೆದ ಪರೀಕ್ಷೆಯನ್ನು ಹೊರದೇಶಗಳೂ ಒಪ್ಪುತ್ತವೆ. ಈ ಶಿಸ್ತಿನ ಬಗ್ಗೆ ನನಗೆ ಆಳವಾದ ಗೌರವವಿದೆ. ಎರಡು ಔಷಧಗಳಲ್ಲಿ ಯಾವುದು ಹೆಚ್ಚು ವಿಷ ಎಂದು ಹೋಲಿಸಲು ಇದಕ್ಕಿಂತ ಪ್ರಾಮಾಣಿಕ ದಾರಿ ಇಲ್ಲ.

ಆದರೆ ತೋಟದಲ್ಲಿ ನಿಂತು ಕೇಳುವ ಪ್ರಶ್ನೆ ಹೋಲಿಕೆಯದ್ದಲ್ಲ. ಅಲ್ಲಿ ಮೊದಲ ತೊಡಕು 'ಸಾಯುವುದು' ಎಂಬ ಅಳತೆಯಲ್ಲಿಯೇ ಇದೆ. ತಾಮ್ರದ ವಿಷಯದಲ್ಲಿ ಹುಳುವನ್ನು ಕೊಲ್ಲುವುದಕ್ಕೆ ಬೇಕಾದುದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲಿಯೇ ಅದು ಮೊಟ್ಟೆಕೋಶ ಇಡುವುದು ಕುಗ್ಗುತ್ತದೆ. ಹದಿನಾಲ್ಕು ದಿನ ಬದುಕಿ ಉಳಿದ ಹುಳು ಮುಂದೆ ಮರಿ ಮಾಡದಿದ್ದರೆ, ಕೆಲವು ವರ್ಷಗಳಲ್ಲಿ ಆ ಮಣ್ಣಿನಲ್ಲಿ ಹುಳುವೇ ಇರುವುದಿಲ್ಲ. ಎಲ್‌ಸಿ50 ವರದಿಯಲ್ಲಿ ಮಾತ್ರ ಎಲ್ಲವೂ ಕ್ಷೇಮವಾಗಿರುತ್ತದೆ. ಈ ಕೊರತೆಯನ್ನು ತುಂಬಲು 2004ರಲ್ಲಿ ಸಂತಾನೋತ್ಪತ್ತಿಯ ಪರೀಕ್ಷೆ, 222ನೇ ಮಾರ್ಗಸೂಚಿ, ಬಂದಿತು. ಅದು ಎಂಟು ವಾರಗಳ ಕೆಲಸ. ನಾಲ್ಕು ವಾರ ಕಳೆದ ಮೇಲೆ ದೊಡ್ಡ ಹುಳುಗಳನ್ನು ತೆಗೆದು ತೂಕ ನೋಡಿ, ಮೊಟ್ಟೆಕೋಶಗಳಿರುವ ಮಣ್ಣನ್ನು ಇನ್ನೂ ನಾಲ್ಕು ವಾರ ಹಾಗೆಯೇ ಇಟ್ಟು, ಒಡೆದು ಬಂದ ಮರಿಗಳನ್ನು ಎಣಿಸಬೇಕು. ಪಾತ್ರೆಯನ್ನು 50ರಿಂದ 60 ಡಿಗ್ರಿಯ ಬಿಸಿನೀರಿನಲ್ಲಿ ಇಟ್ಟರೆ ಸುಮಾರು ಇಪ್ಪತ್ತು ನಿಮಿಷದಲ್ಲಿ ನೂಲಿನಂಥ ಬಿಳಿಚು ಮರಿಗಳು ಕಾವು ತಾಳದೆ ಮೇಲಕ್ಕೆ ಬರುತ್ತವೆ. ಔಷಧವಿಲ್ಲದ ಪ್ರತಿ ಪಾತ್ರೆಯಲ್ಲಿ, ಹತ್ತು ದೊಡ್ಡ ಹುಳುಗಳಿಂದ ಕನಿಷ್ಠ 30 ಮರಿಗಳಾದರೂ ಹುಟ್ಟಿರದಿದ್ದರೆ ಪರೀಕ್ಷೆಯನ್ನು ಒಪ್ಪುವಂತಿಲ್ಲ. ಎಷ್ಟೇ ಬೇಸರದ ಎಣಿಕೆಯಾದರೂ ನನಗೆ ನಂಬಿಕೆ ಇರುವುದು ಈ ಪರೀಕ್ಷೆಯ ಮೇಲೆ. ಇದರಲ್ಲಿ ಹುಳುಗಳು ಸರಿಯಾಗಿ ಸ್ಪಂದಿಸುತ್ತಿವೆಯೇ ಎಂದು ತಿಳಿಯಲು ಬಳಸುವ ಮಾದರಿ ವಿಷ ಕಾರ್ಬೆಂಡಜಿಂ ಅಥವಾ ಬೆನೊಮಿಲ್. ಎರಡೂ ಕೀಟನಾಶಕಗಳಲ್ಲ, ಶಿಲೀಂಧ್ರನಾಶಕಗಳು. ಒಂದು ಕಿಲೋ ಮಣ್ಣಿಗೆ 1ರಿಂದ 5 ಮಿಲಿಗ್ರಾಂ ಬಿದ್ದರೆ ಮರಿಗಳ ಸಂಖ್ಯೆ ಎದ್ದು ಕಾಣುವಂತೆ ಇಳಿಯುತ್ತದೆ. ಬೆನೊಮಿಲ್ ಅನ್ನು ನಮ್ಮ ದೇಶದಲ್ಲಿ 2018ರಲ್ಲಿ ನಿಷೇಧಿಸಲಾಗಿದೆ. ಹುಳುವಿಗೆ ಕೀಟನಾಶಕವೇ ಶತ್ರು, ರೋಗದ ಔಷಧ ನಿರುಪದ್ರವಿ ಎಂದು ನಂಬಿರುವ ತೋಟಿಗರು ಇದನ್ನು ಗಮನಿಸಬೇಕು.

ಇನ್ನು ತಾಮ್ರದ ಪ್ರಮಾಣದ ಮಾತು. ಶೇ. 1ರ ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದ ತೂಕದಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು ತಾಮ್ರ. ಲೆಕ್ಕಕ್ಕಾಗಿ ಒಂದು ಹೆಕ್ಟೇರಿಗೆ ಒಂದು ಸಲಕ್ಕೆ 1000 ಲೀಟರ್ ಎಂದು ಇಟ್ಟುಕೊಂಡರೆ, ಎರಡು ಸಲಕ್ಕೆ ಸುಮಾರು 5 ಕಿಲೋ ತಾಮ್ರವಾಯಿತು. ಮೇಲಿನ ಹತ್ತು ಸೆಂಟಿಮೀಟರ್ ಮಣ್ಣು ಹೆಕ್ಟೇರಿಗೆ ಸುಮಾರು 1200 ಟನ್ ತೂಗುತ್ತದೆ ಎಂದರೆ, ಒಂದು ಕಿಲೋ ಮಣ್ಣಿಗೆ ವರ್ಷಕ್ಕೆ 4 ಮಿಲಿಗ್ರಾಂ. ಇಪ್ಪತ್ತೈದು ವರ್ಷಕ್ಕೆ 100 ಮಿಲಿಗ್ರಾಂ. ಕೊಯ್ದ ಅಡಿಕೆ ಕೊನೆಗಳ ಜೊತೆ ಸ್ವಲ್ಪ ಹೊರಗೆ ಹೋಗುತ್ತದೆ, ಮಳೆಯಲ್ಲಿ ತೋಟದ ನೀರುಗಾಲುವೆಯಾದ ಕಾದಿಗೆಗೆ ಇಳಿದು ಸ್ವಲ್ಪ ಹೋಗುತ್ತದೆ, ಆದ್ದರಿಂದ ಇದು ಗರಿಷ್ಠ ಅಂದಾಜು ಮಾತ್ರ. ಹಾಗಿದ್ದರೂ ಇದು ಸಂತಾನೋತ್ಪತ್ತಿಯ ಪರೀಕ್ಷೆಯಲ್ಲಿ ಹುಳುಗಳು ತೊಂದರೆಗೊಳಗಾಗುವ ಮಟ್ಟದಿಂದ ದೂರದ ಸಂಖ್ಯೆಯೇನಲ್ಲ. ತಾಮ್ರವನ್ನು ಬಹುಕಾಲ ಸಿಂಪಡಿಸಿದ ಇಂಗ್ಲೆಂಡಿನ ಹಳೆಯ ಸೇಬು ತೋಟಗಳಲ್ಲಿ ಹುಳುಗಳು ಅಳಿದು, ಉದುರಿದ ಎಲೆ ಕೊಳೆಯದೆ ನೆಲದ ಮೇಲೆ ಚಾಪೆಯಂತೆ ಪದರುಗಟ್ಟಿದ್ದನ್ನು 1960ರ ದಶಕದಲ್ಲಿಯೇ ಗುರುತಿಸಿದ್ದರು. ದರಕು (ಒಣಗಿ ಉದುರಿದ ಎಲೆ), ಸೊಪ್ಪು ಕೊಳೆತು ಗೊಬ್ಬರವಾಗುವುದನ್ನೇ ನಂಬಿ ಸೊಪ್ಪಿನ ಬೆಟ್ಟವನ್ನು ಕಾಪಾಡಿಕೊಂಡು ಬಂದಿರುವ ನಮಗೆ ಇದು ದೂರದ ಸುದ್ದಿ ಎನಿಸಬಾರದು.

ಹಾಗಾದರೆ ನಮ್ಮ ತೋಟದ ಹುಳು ಸಾಯುತ್ತಿದೆ ಎಂದು ತೀರ್ಮಾನಿಸಬಹುದೇ? ಅದೂ ಆಗದು. ಪ್ರಯೋಗಾಲಯದಲ್ಲಿ ತಾಮ್ರದ ಲವಣವನ್ನು ಆಗತಾನೆ ಮಣ್ಣಿಗೆ ಬೆರೆಸಿ ಹುಳು ಬಿಡುತ್ತೇವೆ. ಆಗ ಅದು ಬಹಳಷ್ಟು ಕರಗಿದ ರೂಪದಲ್ಲಿಯೇ ಇರುತ್ತದೆ. ವರ್ಷಗಟ್ಟಲೆ ಮಣ್ಣಿನಲ್ಲಿದ್ದ ತಾಮ್ರ ಜೇಡಿಕಣಗಳಿಗೆ, ಕಬ್ಬಿಣದ ಆಕ್ಸೈಡುಗಳಿಗೆ, ಕೊಳೆತ ಸೊಪ್ಪಿನ ಸಾವಯವ ಅಂಶಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ; ಒಟ್ಟು ಪ್ರಮಾಣ ಅಷ್ಟೇ ಇದ್ದರೂ ಅದರ ವಿಷ ಕಡಿಮೆ. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ ಧಾರಾಳವಾಗಿದೆ, ತೋಟಕ್ಕೆ ಸೊಪ್ಪಿನ ಗೊಬ್ಬರವೂ ಬೀಳುತ್ತದೆ. ಇವೆರಡೂ ಹುಳುವಿನ ಪರ. ಆದರೆ ಅದೇ ಮಣ್ಣು ಹುಳಿ, ಮತ್ತು ಹುಳಿ ಹೆಚ್ಚಿದಷ್ಟೂ ತಾಮ್ರ ಮತ್ತೆ ಕರಗುತ್ತದೆ. ದ್ರಾವಣ ಸರಿಯಾಗಿದೆಯೇ ಎಂದು ನೋಡಲು ಹಿರಿಯರು ಕಬ್ಬಿಣದ ಕತ್ತಿಯನ್ನು ಅದ್ದಿ ತೆಗೆಯುತ್ತಾರೆ. ಅಲಗಿಗೆ ತಾಮ್ರದ ಬಣ್ಣ ಹತ್ತಿದರೆ ಕರಗಿದ ತಾಮ್ರ ಉಳಿದಿದೆ, ಸುಣ್ಣ ಸಾಲದು ಎಂದರ್ಥ. ಮಣ್ಣಿನ ವಿಷಯದಲ್ಲಿಯೂ ಕೇಳಬೇಕಾದ ಪ್ರಶ್ನೆ ಇದೇ: ಎಷ್ಟು ತಾಮ್ರ ಇದೆ ಎನ್ನುವುದಕ್ಕಿಂತ ಎಷ್ಟು ಕರಗಿ ಹುಳುವಿನ ಮೈಗೆ ತಾಗುತ್ತಿದೆ ಎಂಬುದು.

ನಮ್ಮ ಮಣ್ಣಿಗೆ ಹೊಂದುವ ಪರೀಕ್ಷೆ ಹೇಗಿರಬೇಕು ಎಂಬ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಿದೆ. ಕೃತಕ ಮಣ್ಣೇ ಬೇಕೆಂದಾದರೆ, ಶೀತದೇಶದ ಪೀಟ್ ಬದಲು ತೆಂಗಿನ ನಾರಿನ ಪುಡಿಯನ್ನು ಬಳಸುವ ಪದ್ಧತಿಯನ್ನು ಉಷ್ಣವಲಯದ ಸಂಶೋಧಕರು ಆಗಲೇ ರೂಢಿಸಿದ್ದಾರೆ. ಕುಮಟಾ, ಹೊನ್ನಾವರದ ಕರಾವಳಿಯಲ್ಲಿ ಅದಕ್ಕೆ ಕೊರತೆಯಿಲ್ಲ. ಉಷ್ಣತೆ 20 ಡಿಗ್ರಿಯ ಬದಲು 26ರ ಆಸುಪಾಸಿನಲ್ಲಿರಲಿ. ಕಾವು ಹೆಚ್ಚಿದರೆ ಅನೇಕ ಔಷಧಗಳು ಬೇಗ ಒಡೆಯುತ್ತವೆ, ಆದರೆ ಹುಳುವಿನ ಉಸಿರಾಟವೂ ಆಹಾರ ಸೇವನೆಯೂ ಹೆಚ್ಚುತ್ತವೆ. ಪರಿಣಾಮ ಯಾವ ಕಡೆಗೆ ವಾಲುತ್ತದೆ ಎಂಬುದನ್ನು ಪ್ರತಿ ಔಷಧಕ್ಕೂ ಬೇರೆಯಾಗಿಯೇ ನೋಡಬೇಕು. ಕೆಂಪು ಹುಳುವಿನ ಜೊತೆಗೆ ಗೊಬ್ಬರದಲ್ಲಿ ಬದುಕುವ ಈ ನಾಡಿನದೇ ಪೆರಿಯೋನಿಕ್ಸ್ ಎಕ್ಸ್‌ಕವೇಟಸ್ ಅನ್ನೂ, ಸಾಧ್ಯವಾದರೆ ಮಣ್ಣನ್ನೇ ತಿಂದು ಬದುಕುವ ಒಂದು ಜಾತಿಯನ್ನೂ ಪರೀಕ್ಷಿಸಬೇಕು, ಏಕೆಂದರೆ ಮಣ್ಣು ತಿನ್ನುವ ಹುಳುವಿನ ಹೊಟ್ಟೆಯ ಮೂಲಕ ಹಾದುಹೋಗುವ ತಾಮ್ರವೇ ಬೇರೆ.

ಎಲ್ಲಕ್ಕಿಂತ ಮೊದಲು ಮಾಡಬಹುದಾದದ್ದು ದೂರ ಸರಿಯುವಿಕೆಯ ಪರೀಕ್ಷೆ. ಪೆಟ್ಟಿಗೆಯೊಂದರ ಅರ್ಧಕ್ಕೆ ಹಳೆಯ ತೋಟದ ಮಣ್ಣು, ಇನ್ನರ್ಧಕ್ಕೆ ಮದ್ದು ಕಾಣದ ಮಣ್ಣು ತುಂಬಿ, ನಡುವಿನ ತಡೆಯನ್ನು ತೆಗೆದು, ಆ ಗೆರೆಯ ಮೇಲೆ ಹತ್ತು ಹುಳುಗಳನ್ನು ಬಿಟ್ಟು 48 ಗಂಟೆಗಳ ನಂತರ ತಡೆಯನ್ನು ಮತ್ತೆ ಇಳಿಸಿ ಎಣಿಸುವುದು, ಅಷ್ಟೇ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಶಂಕೆಯ ಮಣ್ಣಿನಲ್ಲಿ ಉಳಿದ ಹುಳುಗಳು ಸರಾಸರಿ ಶೇ. 20ಕ್ಕಿಂತ ಕಡಿಮೆಯಾದರೆ ಆ ಮಣ್ಣು ಹುಳುವಿನ ವಾಸಕ್ಕೆ ಕುಂದಿದೆ ಎಂದು ಪರಿಗಣಿಸುತ್ತಾರೆ. ದುಬಾರಿ ಉಪಕರಣವೇನೂ ಬೇಡ. ಶಿರಸಿಯ ಅರಣ್ಯ ಮಹಾವಿದ್ಯಾಲಯದಂಥ ಕಡೆ ವಿದ್ಯಾರ್ಥಿಗಳು ಒಂದು ಮಳೆಗಾಲದಲ್ಲಿ ಹತ್ತಾರು ತೋಟಗಳ ಮಣ್ಣನ್ನು ಹೀಗೆ ನೋಡಿಬಿಡಬಹುದು. ಅದರ ಜೊತೆಗೆ ತೋಟದಲ್ಲಿಯೇ 25 ಸೆಂಟಿಮೀಟರ್ ಚೌಕದ, 30 ಸೆಂಟಿಮೀಟರ್ ಆಳದ ಮಣ್ಣನ್ನು ಅಗೆದು ಕೈಯಿಂದ ಹುಳು ಆರಿಸಿ ಎಣಿಸಿದರೆ ಪೆಟ್ಟಿಗೆಯ ಫಲಿತಾಂಶವನ್ನು ನೆಲದ ಸ್ಥಿತಿಯ ಜೊತೆ ತಾಳೆ ನೋಡಿದಂತಾಗುತ್ತದೆ.

ಕಷ್ಟವಿರುವುದು ಮದ್ದು ಕಾಣದ ಮಣ್ಣನ್ನು ಆರಿಸುವುದರಲ್ಲಿ. ಪಕ್ಕದ ಬೆಟ್ಟದ ಮಣ್ಣನ್ನೇ ತಂದರೆ ಅದು ತೋಟದ ಮಣ್ಣಿಗಿಂತ ಹೆಚ್ಚು ಹುಳಿಯಾಗಿ, ಒಣಕಲಾಗಿ ಇರಬಹುದು. ಆಗ ಹುಳು ತಾಮ್ರವಿರುವ ತೋಟದ ಮಣ್ಣನ್ನೇ ಆರಿಸಿಕೊಂಡು, ನೋಡುವವರಿಗೆ ತಾಮ್ರ ನಿರುಪದ್ರವಿ ಎಂಬ ಸುಳ್ಳು ಉತ್ತರ ಸಿಗುತ್ತದೆ. ಕರಾವಳಿಗೆ ಇಳಿದು ಅಘನಾಶಿನಿ ನದಿಯ ದಂಡೆಯ, ಉಪ್ಪುನೀರು ನುಗ್ಗುವ ಗಜನಿ ಭೂಮಿಯ ಹತ್ತಿರದ ಮಣ್ಣಾದರೆ ಉಪ್ಪೇ ಹುಳುವನ್ನು ಓಡಿಸುತ್ತದೆ. ಹೀಗಾಗಿ ಹೋಲಿಕೆಯ ಮಣ್ಣು ಅದೇ ಕಣಿವೆಯದ್ದಾಗಿ, ಸೊಪ್ಪು ಗೊಬ್ಬರ ಬಿದ್ದ, ಇನ್ನೂ ಮದ್ದು ಹೊಡೆಯಲು ತೊಡಗದ ಎಳೆಯ ತೋಟದ್ದಾಗಿರಬೇಕು. ಎರಡರ ಪಿಎಚ್, ಸಾವಯವ ಇಂಗಾಲ, ನೀರು ಹಿಡಿಯುವ ಶಕ್ತಿ ಇವನ್ನು ಮೊದಲೇ ಅಳೆದು, ಹತ್ತಿರಹತ್ತಿರ ಇವೆಯೆಂದು ಖಚಿತಪಡಿಸಿಕೊಂಡ ಮೇಲಷ್ಟೇ ಹುಳುಗಳನ್ನು ಬಿಡಬೇಕು. ಹಳೆಯ ತೋಟಕ್ಕೆ ಇತ್ತೀಚೆಗೆ ಹೊಸ ಕೆಂಪು ಮಣ್ಣು ಹಾಕಿಸಿದ್ದರೆ ತಾಮ್ರವಿರುವ ಪದರು ಅದರ ಕೆಳಗೆ ಹೋಗಿರುತ್ತದೆ, ಹಾಗಾಗಿ ಮಾದರಿ ತೆಗೆಯುವ ಮುನ್ನ ಮಣ್ಣು ಹಾಕಿಸಿದ ವರ್ಷವನ್ನು ತೋಟದವರಲ್ಲಿ, ಮದ್ದು ಹೊಡೆದ ಪ್ರಮಾಣವನ್ನು ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರಲ್ಲಿ ವಿಚಾರಿಸಿ ಬರೆದಿಟ್ಟುಕೊಳ್ಳಬೇಕು.