ಟಿಡಿಎಸ್ ಮೀಟರ್ ಇಟ್ಕೊಂಡು ಗಡಸು ನೀರು ಹುಡುಕೋರಿಗೆ

ನೀರು ಟೆಸ್ಟ್ ಮಾಡೋ ಲ್ಯಾಬಲ್ಲಿ ನನ್ನ ಕೆಲಸ. ಅರ್ಧ ಟೈಮು ಬೆಂಚ್ ಮುಂದೆ, ಇನ್ನರ್ಧ ಊರಾಚೆ ಬೆಳೆದಿರೋ ಬಡಾವಣೆಗಳಲ್ಲಿ ಸ್ಯಾಂಪಲ್ ಬಾಟಲಿ ಹಿಡ್ಕೊಂಡು ಮನೆಮನೆ ತಿರುಗೋದು. ಕಂಪ್ಲೇಂಟ್‌ಗಳು ಹೆಚ್ಚುಕಮ್ಮಿ ಒಂದೇ ಥರ: ಸೋಪು ನೊರೆ ಬರಲ್ಲ, ನಲ್ಲಿ ಬಾಯಲ್ಲಿ ಬಿಳಿ ಗಟ್ಟಿ ಕೂತಿದೆ, ಗೀಸರ್ ಕಾಯಿಲ್ ಹೋಯ್ತು, ಸಾಫ್ಟ್‌ನರ್ (ನೀರಿನ ಗಡಸುತನ ತೆಗೆಯೋ ಮಿಷನ್) ಹಾಕ್ಸಿದ್ರೂ ಟಿಡಿಎಸ್ (ನೀರಲ್ಲಿ ಕರಗಿರೋ ಒಟ್ಟು ಉಪ್ಪು, ಖನಿಜ) ಇಳಿದಿಲ್ಲ. ಈ ಕೊನೇದಿದೆಯಲ್ಲ, ಅದನ್ನ ಎಷ್ಟು ಮನೇಲಿ ಬಿಡಿಸಿ ಹೇಳಿದೀನೋ ಲೆಕ್ಕ ಇಲ್ಲ, ಅದಕ್ಕೇ ಒಂದ್ಸಲ ಬರೆದುಬಿಡೋಣ ಅಂತ.

ಒಬ್ರು ರಿಟೈರ್ಡ್ ಹಿರಿಯರು ರೀಡಿಂಗ್ ಎಲ್ಲಾ ನೋಟ್‌ಬುಕ್ಕಲ್ಲಿ ನೀಟಾಗಿ ಬರೆದಿಟ್ಟಿದ್ರು. ಸಾಫ್ಟ್‌ನರ್‌ಗೆ ಮುಂಚೆ 510, ಆದ್ಮೇಲೆ 505. "ನೋಡಪ್ಪಾ, ಇಷ್ಟು ದುಡ್ಡು ಸುರಿದಿದ್ದು ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತಲ್ಲ" ಅಂದ್ರು. "ಸರ್, ನಿಮ್ಮ ಮೀಟರೂ ಸರಿ ಇರಬಹುದು, ಮಿಷನ್ನೂ ಸರಿ ಇರಬಹುದು, ಒಂದು ಟೈಟ್ರೇಶನ್, ಅಂದ್ರೆ ಹನಿಹನಿ ರಾಸಾಯನಿಕ ಬಿಟ್ಟು ಗಡಸುತನ ಅಳೆಯೋ ಟೆಸ್ಟ್, ಮಾಡಿ ನೋಡೋಣ" ಅಂದೆ. ಅವ್ರಿಗೆ ನಂಬಿಕೆ ಬರಲಿಲ್ಲ, ಮೀಟರ್ ಕೊಟ್ಟೋನೇ ಮಿಷನ್ ಮಾರಿದೋನಂತೆ, ಮಾರೋವಾಗ ಇದೇ ಮೀಟರ್ ಅದ್ದಿ 510 ತೋರಿಸಿ ಹೆದರಿಸಿದ್ದನಂತೆ. ಹಾಗೆ ತೋರಿಸಿ ಮಾರಿದ್ಮೇಲೆ ಜನ ಅದೇ ಮೀಟರಲ್ಲಿ ಚೆಕ್ ಮಾಡದೆ ಇನ್ನೇನು ಮಾಡ್ತಾರೆ?

ವಿಷಯ ಇಷ್ಟು. ಟಿಡಿಎಸ್ ಮೀಟರ್ ನೀರಲ್ಲಿ ಕರೆಂಟ್ ಎಷ್ಟು ಹರಿಯತ್ತೆ ಅಂತ ಮಾತ್ರ ನೋಡತ್ತೆ, ಅದಕ್ಕೊಂದು ಫ್ಯಾಕ್ಟರ್ ಗುಣಿಸಿ ನಂಬರ್ ತೋರಿಸತ್ತೆ. ಕರಗಿರೋದು ಕ್ಯಾಲ್ಸಿಯಮ್ಮೋ ಸೋಡಿಯಮ್ಮೋ ಅದಕ್ಕೆ ಗೊತ್ತಾಗಲ್ಲ. ಗಡಸುತನ ಅಂದ್ರೆ ಕ್ಯಾಲ್ಸಿಯಂ ಮತ್ತೆ ಮೆಗ್ನೀಷಿಯಂ, ಅಷ್ಟೇ. ಸಾಫ್ಟ್‌ನರ್ ಒಳಗಿರೋ ರೆಸಿನ್ (ಸಣ್ಣ ಪ್ಲಾಸ್ಟಿಕ್ ಮಣಿಗಳು) ಒಂದು ಕ್ಯಾಲ್ಸಿಯಂ ಹಿಡ್ಕೊಂಡು ಎರಡು ಸೋಡಿಯಂ ಬಿಡತ್ತೆ, ತೂಕದಲ್ಲಿ ನೋಡಿದ್ರೆ 40 ಹೋಗಿ 46 ಬರತ್ತೆ. ಅಂದ್ಮೇಲೆ ಟಿಡಿಎಸ್ ಇಳಿಯೋದು ಹೇಗೆ? ಟಿಡಿಎಸ್ ಇಳಿಸೋದು ಆರ್‌ಓ ಕೆಲಸ, ಸಾಫ್ಟ್‌ನರ್ ಕೆಲಸ ಅಲ್ಲ.

ಅವರ ಮನೆ ಕಟ್ಟೆ ಮೇಲೇ ಕಿಟ್ ಬಿಚ್ಚಿದೆ. 50 ಎಂಎಲ್ ನೀರು, ಸ್ವಲ್ಪ ಅಮೋನಿಯಾ ಬಫರ್ ಹಾಕಿ ಪಿಎಚ್ 10ಕ್ಕೆ ತರೋದು (ವಾಸನೆ ಮೂಗಿಗೆ ಹೊಡೆಯತ್ತೆ, ಕಿಟಕಿ ತೆಗೆದಿಡಿ), ಚಿಟಿಕೆ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಅನ್ನೋ ಬಣ್ಣದ ಪುಡಿ. ಗಡಸು ಇದ್ರೆ ತಕ್ಷಣ ದ್ರಾಕ್ಷಿ ಕೆಂಪು. ಆಮೇಲೆ ಇಡಿಟಿಎ (ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡ್ಕೊಳ್ಳೋ ರಾಸಾಯನಿಕ) ಹನಿಹನಿ ಬಿಡ್ತಾ ಫ್ಲಾಸ್ಕ್ ಆಡಿಸ್ತಾ ಇರಬೇಕು, ಕೆಂಪು ನೇರಳೆಗೆ ತಿರುಗ್ತಿದ್ದಂಗೆ ಕೈ ನಿಧಾನ ಮಾಡ್ಬೇಕು, ಯಾಕಂದ್ರೆ ಅಲ್ಲಿಂದ ಒಂದೆರಡು ಹನೀಲಿ ಪೂರ್ತಿ ನೀಲಿ ಆಗಿಬಿಡತ್ತೆ. 0.01 ಮೋಲಾರ್ ಇಡಿಟಿಎ ಆದ್ರೆ ಲೆಕ್ಕ ಸುಲಭ, ಎಷ್ಟು ಎಂಎಲ್ ಖರ್ಚಾಯ್ತೋ ಅದನ್ನ 20ರಿಂದ ಗುಣಿಸಿದ್ರೆ ಲೀಟರಿಗೆ ಇಷ್ಟು ಮಿಲಿಗ್ರಾಂ, ಕ್ಯಾಲ್ಸಿಯಂ ಕಾರ್ಬೋನೇಟ್ ಲೆಕ್ಕದಲ್ಲಿ. ಮಿಷನ್‌ಗೆ ಮುಂಚಿನ ನೀರಿಗೆ 15 ಎಂಎಲ್ ಹಿಡೀತು, ಅಂದ್ರೆ 300. ಮಿಷನ್ ದಾಟಿದ ನೀರಿಗೆ ಬಣ್ಣ ಹಾಕಿದ್ದೇ ತಡ ನೀಲಿ, ಇಡಿಟಿಎ ಮುಟ್ಟೋ ಕೆಲಸಾನೇ ಬರಲಿಲ್ಲ. ಹಿರಿಯರು ಎರಡೂ ಫ್ಲಾಸ್ಕ್ ಎತ್ತಿ ಬೆಳಕಿಗೆ ಹಿಡಿದು ನೋಡಿ, ಮನೆಯವ್ರನ್ನ ಕರೆದು ತೋರಿಸಿ, ಆಮೇಲೆ ನೋಟ್‌ಬುಕ್ಕಲ್ಲಿ ಹೊಸ ಕಾಲಂ ಎಳೆದ್ರು.

ಇನ್ನು 300 ಜಾಸ್ತೀನಾ ಅಂತ ಎಲ್ರೂ ಕೇಳ್ತಾರೆ. ಸಾಮಾನ್ಯವಾಗಿ 60ರ ತನಕ ಮೆದು, 120ರ ತನಕ ಸುಮಾರಾಗಿ ಗಡಸು, 180ರ ತನಕ ಗಡಸು, ಅದು ದಾಟಿದ್ರೆ ತುಂಬಾ ಗಡಸು ಅಂತ ಲೆಕ್ಕ. ಆದ್ರೆ ಇದು ಪೈಪು, ಗೀಸರ್, ಸೋಪಿನ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ದೃಷ್ಟಿಯಿಂದ ಮಿತಿ ಅಂತಾನೇ ಇಟ್ಟಿಲ್ಲ, ನೈಟ್ರೇಟಿಗೆ 50 ಮಿಲಿಗ್ರಾಂ, ಫ್ಲೋರೈಡಿಗೆ 1.5 ಅಂತ ಇಟ್ಟಿದೆ. ಗಡಸುತನಕ್ಕೆ ನಿದ್ದೆಗೆಡೋ ಮನೆಯೋರು ಬೋರ್‌ವೆಲ್ ನೀರಲ್ಲಿ ಈ ಎರಡನ್ನ ಕೇಳೋದೇ ಇಲ್ಲ, ಅವೆರಡೂ ಕಣ್ಣಿಗೂ ಕಾಣಲ್ಲ ನಾಲಿಗೆಗೂ ಸಿಗಲ್ಲ, ನಲ್ಲಿ ಮೇಲೆ ಕಲೆಯನ್ನೂ ಬಿಡಲ್ಲ.

ಕಷ್ಟದ ಭಾಗ ಟೆಸ್ಟಲ್ಲ, ಸ್ಯಾಂಪಲ್. ಊರ ಅಂಚಿನ ಬಡಾವಣೆಗಳಲ್ಲಿ ಎಷ್ಟೋ ಕಡೆ ಎರಡು ನೀರು, ಜಲಾಶಯದಿಂದ ಬರೋ ಮೆದು ನೀರು ಒಂದಿಷ್ಟು ಹೊತ್ತು, ಸಾಲದೆ ಬಿದ್ದಿದ್ದಕ್ಕೆ ಬೋರ್‌ವೆಲ್ ನೀರು, ಎರಡೂ ಒಂದೇ ಟ್ಯಾಂಕಲ್ಲಿ ಸೇರ್ಕೊಳತ್ತೆ. ಒಂದು ಬಡಾವಣೆ ಸಂಘದೋರು ಒಂದೇ ನಲ್ಲಿ ನೀರನ್ನ ಬೆಳಿಗ್ಗೆ ನಮಗೆ, ಸಂಜೆ ಇನ್ನೊಂದು ಲ್ಯಾಬಿಗೆ ಕೊಟ್ಟಿದ್ರು, ನಮ್ದು 90 ಬಂತು ಅವರದ್ದು 340, ಇಬ್ಬರಲ್ಲಿ ಯಾರೋ ಸುಳ್ಳು ಬರೆದಿದಾರೆ ಅಂತ ಮೀಟಿಂಗಲ್ಲಿ ಜಗಳಾನೇ ಆಯ್ತಂತೆ. ಟ್ಯಾಂಕ್ ತುಂಬಿಸೋ ಹುಡುಗನ್ನ ಕರೆದು ಕೇಳಿದ್ರೆ ಮಧ್ಯಾಹ್ನ ಬೋರ್ ಆನ್ ಮಾಡಿದ್ದೆ ಅಂದ! ಅದಾದ್ಮೇಲೆ ನಮ್ಮ ಬಾಟಲಿ ಲೇಬಲ್ ಮೇಲೆ ಟೈಮು, ಯಾವ ನಲ್ಲಿ, ಟ್ಯಾಂಕಿಗೆ ಕೊನೇ ಸಲ ಬಿಟ್ಟಿದ್ದು ಯಾವ ನೀರು ಅನ್ನೋದು ಇಲ್ದೆ ಹೋದ್ರೆ ನಾನು ಸ್ಯಾಂಪಲ್ ತಗೊಳಲ್ಲ, ಹೊಸಬರಿಗೂ ಮೊದಲು ಕಲಿಸೋದು ಇದನ್ನೇ, ಟೈಟ್ರೇಶನ್ ಆಮೇಲೆ ಕಲಿತಾರೆ.

ಇನ್ನೊಂದು, ಬೆಳ್ಳಗೆ ಬರೋ ನೀರೆಲ್ಲ ಗಡಸು ಅಲ್ಲ. ಗಾಜಿನ ಲೋಟದಲ್ಲಿ ಹಿಡಿದಿಟ್ಟು ನೋಡಿ, ತಳದಿಂದ ಮೇಲಕ್ಕೆ ತಿಳಿಯಾಗ್ತಾ ಬಂದ್ರೆ ಅದು ಬರೀ ಗಾಳಿ, ಪೈಪಲ್ಲಿ ಪ್ರೆಶರ್‌ಗೆ ಕರಗಿದ್ದು ಗುಳ್ಳೆಯಾಗಿ ಹೊರಗೆ ಬರ್ತಿದೆ. ಅದೇ ಕಾಯಿಸಿದ್ಮೇಲೆ ಪಾತ್ರೆ ತಳದಲ್ಲಿ ಬಿಳಿ ಪುಡಿ ಉಳಿದ್ರೆ ಬೈಕಾರ್ಬೋನೇಟ್ ಗಡಸು, ಅದರ ಮೇಲೆ ವಿನೆಗರ್ ಹನಿ ಬಿಟ್ರೆ ಗುಳ್ಳೆ ಏಳತ್ತೆ. ಸಲ್ಫೇಟು ಕ್ಲೋರೈಡಿಂದ ಬಂದ ಗಡಸುತನ ಕಾಯಿಸಿದ್ರೂ ಹೋಗಲ್ಲ.

ಸಾಫ್ಟ್‌ನರ್ ಹಾಕಿಸೋರು ಕುಡಿಯೋ ನೀರಿನ ಲೈನನ್ನ ಬೈಪಾಸ್ ಮಾಡಿಸ್ಕೊಳ್ಳಿ. ಗಡಸುತನ 100 ಇಳಿದ್ರೆ ಸೋಡಿಯಂ ಲೀಟರಿಗೆ 46 ಮಿಲಿಗ್ರಾಂ ಏರತ್ತೆ, 300ರ ನೀರಲ್ಲಿ ಅದು 138 ಆಗತ್ತೆ, ಮನೇಲಿ ಉಪ್ಪು ಕಮ್ಮಿ ಮಾಡಿ ಅಂತ ಡಾಕ್ಟರ್ ಹೇಳಿರೋರು ಇದ್ರೆ ಇದನ್ನ ಲೆಕ್ಕಕ್ಕೆ ತಗೋಬೇಕು. ಆ ಹಿರಿಯರ ಮನೇಲೂ ಅಡುಗೆಮನೆ ಲೈನ್ ಮಿಷನ್ ಮೂಲಕಾನೇ ಬರ್ತಿತ್ತು, ಅವ್ರು ಬಿಪಿ ಮಾತ್ರೆ ತಗೊಳೋರು, ಹಾಕಿದೋನು ಕೇಳೂ ಇರಲಿಲ್ಲ, ಹೇಳೂ ಇರಲಿಲ್ಲ. ಈಗ ಪ್ಲಂಬರ್ ಕರೆಸಿ ಆ ಲೈನ್ ಬೇರೆ ಮಾಡಿಸಿದಾರೆ.