ಪಿಕೆಟ್ ಅವೆನ್ಯೂದ ಮರದ ನೆಲ

ಅಪ್ಪ ನಮ್ಮಲ್ಲಿಗೆ ಬಂದಾಗ ಕೇಳಿದ್ದು ಒಂದೇ. "ಹಳೇ ಕಾರು ಕಾರ್ಖಾನೆ ಯಾವುದಾದರೂ ಉಳಿದಿದ್ದರೆ ತೋರಿಸು." ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಿಂತವರು ಅವರು. ನಾನಿರುವುದು ಅಮೆರಿಕದ ಕಾರು ನಗರಿ ಡೆಟ್ರಾಯಿಟ್ ಪಕ್ಕದಲ್ಲೇ. ಶನಿವಾರ ಪಿಕೆಟ್ ಅವೆನ್ಯೂಗೆ ಹೊರಟೆವು.

ಫೋರ್ಡ್ ಕಂಪನಿ 1904ರಲ್ಲಿ ಕಟ್ಟಿಸಿದ ಮೂರು ಮಹಡಿಯ ಇಟ್ಟಿಗೆ ಕಟ್ಟಡ ಅದು. ಈಗ ಮ್ಯೂಸಿಯಂ. ಉದ್ದ 402 ಅಡಿ, ಅಗಲ ಬರೀ 56 ಅಡಿ. ಎರಡೂ ಕಡೆ ಸಾಲು ಸಾಲು ಕಿಟಕಿ. ಇಷ್ಟು ಸಪೂರ ಯಾಕೆ ಎಂದು ನಾನು ಯೋಚಿಸುವಷ್ಟರಲ್ಲಿ ಅಪ್ಪ ಹೇಳಿಬಿಟ್ಟರು. "ಅಳತೆ ನೋಡೋಕೆ ಬೆಳಕು ಬೇಕಲ್ವಾ?"

ಮೂರನೇ ಮಹಡಿಯ ಮೂಲೆಯಲ್ಲಿ ಒಂದು ಕೋಣೆ. ಮಾಡೆಲ್ ಟಿ ಕಾರಿನ ವಿನ್ಯಾಸ ಗುಟ್ಟಾಗಿ ನಡೆದದ್ದು ಅಲ್ಲೇ. 1908ರಲ್ಲಿ ಮೊದಲ ಮಾಡೆಲ್ ಟಿ ಕಾರುಗಳು ಇದೇ ಕಟ್ಟಡದಿಂದ ಹೊರಬಂದವು. ಆಗ ಕಾರು ಒಂದೇ ಕಡೆ ನಿಂತಿರುತ್ತಿತ್ತು. ಭಾಗಗಳನ್ನು ಅದರ ಬಳಿಗೆ ತಂದು, ಕೆಲಸಗಾರರು ಸುತ್ತ ನಿಂತು ಜೋಡಿಸುತ್ತಿದ್ದರು. ಅಪ್ಪ ಬಗ್ಗಿ ಮರದ ನೆಲವನ್ನು ಅಂಗೈಯಿಂದ ಸವರಿದರು. ತುಂಬ ಹೊತ್ತು ಏಳಲೇ ಇಲ್ಲ.

ಅಲ್ಲಿಂದ ವುಡ್‌ವರ್ಡ್ ರಸ್ತೆ ಹಿಡಿದು ಹೈಲ್ಯಾಂಡ್ ಪಾರ್ಕ್‌ಗೆ ಹೋದೆವು. 1910ರಲ್ಲಿ ಫೋರ್ಡ್ ಕಂಪನಿ ಬಂದು ಸೇರಿದ್ದು ಇಲ್ಲಿಗೆ. ಆಲ್ಬರ್ಟ್ ಕಾನ್ ಎಂಬ ವಾಸ್ತುಶಿಲ್ಪಿಯ ಕಾಂಕ್ರೀಟು, ಗಾಜಿನ ಕಟ್ಟಡಗಳು. ಕೆಲವು ಮಾತ್ರ ಉಳಿದಿವೆ. ರಸ್ತೆ ಬದಿಯಲ್ಲೇ ನಿಂತು ನೋಡಿದೆವು.

1913ರಲ್ಲಿ ಇಲ್ಲಿ ಜೋಡಣೆಯಾಗುವ ಕಾರೇ ಚಲಿಸತೊಡಗಿತು, ಕೆಲಸಗಾರ ನಿಂತಲ್ಲೇ ನಿಂತ. ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಜೋಡಣೆ ಮರುವರ್ಷ 93 ನಿಮಿಷಕ್ಕೆ ಇಳಿಯಿತು. 1914ರ ಜನವರಿಯಲ್ಲಿ ದಿನಗೂಲಿಯನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡಿ 5 ಡಾಲರ್ ಎಂದು ಸಾರಿದರು. ಇದನ್ನು ನಾನು ಹೆಮ್ಮೆಯಿಂದಲೇ ಹೇಳಿದೆ.

"ಅಷ್ಟು ಕೊಡೋ ಅಗತ್ಯ ಏನಿತ್ತು?" ಎಂದರು ಅಪ್ಪ.

ಜನ ನಿಲ್ಲುತ್ತಿರಲಿಲ್ಲ, ಅದೇ ಕಾರಣ. 1913ರಲ್ಲಿ ಸುಮಾರು 14,000 ಜನರನ್ನು ಕೆಲಸದಲ್ಲಿ ಉಳಿಸಿಕೊಳ್ಳಲು 52,000ಕ್ಕೂ ಜಾಸ್ತಿ ಜನರನ್ನು ಸೇರಿಸಿಕೊಳ್ಳಬೇಕಾಯಿತು. ಆ 5 ಡಾಲರ್ ಕೂಡ ಸುಮ್ನೆ ಸಿಗುತ್ತಿರಲಿಲ್ಲ. ಕಂಪನಿಯವರು ಮನೆಗೇ ಬಂದು ಕುಡಿತ, ಉಳಿತಾಯ, ಸಂಸಾರ ಎಲ್ಲ ವಿಚಾರಿಸುತ್ತಿದ್ದರು. ಇದನ್ನು ಕೇಳಿ ಅಪ್ಪನ ಮುಖ ಕೆಂಪಾಯಿತು. ದುಡಿದವನ ಅಡುಗೆಮನೆ ಇಣುಕಲು ಇವರು ಯಾರು? ನನಗೂ ಹಾಗೇ ಅನಿಸುತ್ತದೆ.

ಆಮೇಲೆ ನಿಧಾನವಾಗಿ ಹೇಳಿದರು. "ಲೇತಿನ ವೇಗ ನನ್ನ ಕೈಲಿತ್ತು. ಪೀಸ್ ಮುಗಿದ ಮೇಲೆ ಒಮ್ಮೆ ಬೆರಳಲ್ಲಿ ಸವರಿ ನೋಡ್ತಿದ್ದೆ. ನುಣುಪಾಗಿದ್ದರೆ ಆ ದಿನವೆಲ್ಲ ಖುಷಿ. ಇಲ್ಲಿ ಸವರೋದರೊಳಗೆ ಕಾರು ಮುಂದೆ ಹೋಗಿರುತ್ತಿತ್ತು."

ರಾತ್ರಿ ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿದರು. ಹೈಲ್ಯಾಂಡ್ ಪಾರ್ಕ್ ಹೆಸರೇ ಎತ್ತಲಿಲ್ಲ. "ಮರದ ನೆಲ ಕಣೋ," ಎನ್ನುತ್ತಿದ್ದರು. "ಎಣ್ಣೆ ಕುಡಿದು ಕುಡಿದು ನಮ್ಮ ಶಾಪಿನ ಬೆಂಚಿನ ಥರಾನೇ ಆಗಿದೆ."